ನಳ, ಮಾಳಿಗೆ, ರಾತ್ರಿ ರೈಲು: ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಮನೆ ಹಿಡಿಯುವವರಿಗೆ

ವರ್ಗಾವಣೆ ಆದೇಶ ಕೈಗೆ ಬಂದವರು, ಮಗಳಿಗೆ ಇಲ್ಲಿ ಮೆಡಿಕಲ್ ಸೀಟು ಸಿಕ್ಕವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನೌಕರಿ ಹಿಡಿದವರು ಮೊದಲು ಕೇಳುವುದು ಒಂದೇ ಮಾತು: “ಬಿಸಿಲು ಬಹಳ ಅಂತಲ್ಲ್ರೀ?” ಬಹಳ, ನಿಜ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆದರೆ ಬಿಸಿಲು ಮೂರೂ ಊರಿಗೆ ಒಂದೇ. ಅದನ್ನು ನೋಡಿ ಊರನ್ನಾಗಲಿ, ಓಣಿಯನ್ನಾಗಲಿ ಆರಿಸಲಿಕ್ಕೆ ಬರುವುದಿಲ್ಲ. ಇಲ್ಲಿನ ಬದುಕು ಹಗುರಾಗುವುದೂ ಭಾರವಾಗುವುದೂ ಬೇರೆ ಮೂರು ಸಂಗತಿಗಳಿಂದ. ನಳದಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮಾಳಿಗೆ ಮೇಲೆ ಯಾವ ಬಣ್ಣದ ಧೂಳು ಕೂರುತ್ತದೆ, ಮನೆಯಲ್ಲಿ ಯಾರಿಗಾದರೂ ಕೈಮೀರಿದರೆ ಊರು ನಿಮ್ಮನ್ನು ಯಾವ ದೊಡ್ಡ ಪಟ್ಟಣಕ್ಕೆ ಕಳಿಸುತ್ತದೆ. ಬಾಡಿಗೆ ಎಷ್ಟು ಅನ್ನುವುದು ಆಮೇಲಿನ ಮಾತು.

ನೀರಿನಿಂದಲೇ ಶುರು ಮಾಡೋಣ. ಮೂರೂ ಊರು ಕುಡಿಯುವುದು ತುಂಗಭದ್ರೆಯನ್ನೇ. ರಾಯಚೂರಿಗೆ ಮಾತ್ರ ಅದರ ಜೊತೆ ಕೃಷ್ಣೆಯೂ ಉಂಟು. ಬಳ್ಳಾರಿಗೆ ತುಂಗಭದ್ರಾ ಡ್ಯಾಮಿನ ಬಲದಂಡೆಯ ಕಾಲುವೆಗಳಿಂದ ಬಂದ ನೀರು ಅಲ್ಲೀಪುರ, ಮೋಕಾ ಕೆರೆಗಳಲ್ಲಿ ನಿಂತು ಊರಿಗೆ ಬರುತ್ತದೆ. ರಾಯಚೂರಿನ ಒಂದು ಪಾಲು ಎಡದಂಡೆ ನಾಲೆಯಿಂದ ರಾಂಪುರ ಕೆರೆಗೆ ಬಂದು ಅಲ್ಲಿಂದ ಹರಿಯುತ್ತದೆ. ಆ ನಾಲೆ 200 ಕಿಲೋಮೀಟರಿಗೂ ಉದ್ದ, ರಾಯಚೂರು ಅದರ ಬಾಲದ ತುದಿ. ಮೇಲಿನ ಗಂಗಾವತಿ, ಸಿಂಧನೂರಿನ ಗದ್ದೆಗಳು ಕುಡಿದು ಉಳಿದದ್ದು ಕೆಳಗೆ ಬರಬೇಕು. ಬೇಸಿಗೆಯಲ್ಲಿ ನಾಲೆ ಬಂದ್ ಆಗುತ್ತದೆ. ಮತ್ತೆ ಡ್ಯಾಂ ತುಂಬಿ ನೀರು ಬಿಡುವತನಕ ಊರು ಬದುಕುವುದು ಕೆರೆಯಲ್ಲಿ ತುಂಬಿಟ್ಟ ನೀರಿನ ಮೇಲೆ. ಕೆರೆಯ ತಳ ಕಾಣುವ ಹೊತ್ತಿಗೆ ನೀರಿನ ಸರದಿ ಎರಡು ದಿನದಿಂದ ಐದು ದಿನಕ್ಕೆ, ಕೆಲವು ಬಡಾವಣೆಯಲ್ಲಿ ಇನ್ನೂ ಮುಂದಕ್ಕೆ ಹೋಗುತ್ತದೆ.

ಆ ಡ್ಯಾಮಿನ ಸ್ಥಿತಿಯೂ ಗೊತ್ತಿರಲಿ. 1953ರಲ್ಲಿ ಕಟ್ಟಿ ಮುಗಿಸಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105.788 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮಿನಿಂದ ನೀರು ಹೊರಗೆ ಬಿಟ್ಟು, ವಾರದೊಳಗೆ ಅಲ್ಲಿ ತಾತ್ಕಾಲಿಕ ಉಕ್ಕಿನ ತಡೆ ಇಳಿಸಬೇಕಾಯಿತು. ಅಂಥ ವರ್ಷ ಮುಂದಿನ ಬೇಸಿಗೆಯ ಲೆಕ್ಕವನ್ನು ಆಗಸ್ಟಿನಲ್ಲೇ ಹಾಕಿಟ್ಟುಕೊಳ್ಳಬೇಕು. ಡ್ಯಾಂ ಮಟ್ಟದ ಸುದ್ದಿಯನ್ನು ರೈತರು ಓದುವಷ್ಟೇ ಗಮನವಿಟ್ಟು ಬಾಡಿಗೆ ಮನೆಯವರೂ ಓದಬೇಕಾದ ಸೀಮೆ ಇದು.

ಮನೆ ನೋಡಲು ಹೋದಾಗ ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು, ರಾತ್ರಿಯೋ ಹಗಲೋ, ಮೋಟರ್ ಹಚ್ಚದೆ ಸಂಪಿಗೆ ಬೀಳುತ್ತದೋ ಇಲ್ಲವೋ. ಲೆಕ್ಕ ಸರಳ. ನಾಲ್ಕು ಜನರ ಮನೆಗೆ ತಲೆಗೆ ದಿನಕ್ಕೆ 100 ಲೀಟರ್ ಹಿಡಿದರೆ ಐದು ದಿನಕ್ಕೆ 2,000 ಲೀಟರ್. ಒಂದು ಸರದಿ ತಪ್ಪಿದರೂ ತಡೆಯಬೇಕೆಂದರೆ ಅದರ ಎರಡರಷ್ಟು ಬೇಕು. ಎರಡು ಮೀಟರ್ ಉದ್ದ, ಒಂದೂವರೆ ಅಗಲ, ಒಂದೂವರೆ ಆಳದ ಸಂಪು 4,500 ಲೀಟರ್ ಹಿಡಿಯುತ್ತದೆ. ಇಷ್ಟಿದ್ದರೆ ನಿಶ್ಚಿಂತೆ. ನಾಲ್ಕು ಮನೆಗೆ ಸೇರಿ ಒಂದೇ ಸಂಪು ಇರುವ ಕಟ್ಟಡವಾದರೆ ಈ ಅಳತೆಯನ್ನು ನಾಲ್ಕರಿಂದ ಗುಣಿಸಿ ನೋಡಿ. ಬಹಳ ಕಡೆ ಅರ್ಧವೂ ಇರುವುದಿಲ್ಲ.

ಇನ್ನು ಆ ನೀರನ್ನು ಕುಡಿಯುವ ವಿಚಾರ. ನೀರು ಬಿಟ್ಟು ನಿಲ್ಲಿಸುವ ಊರುಗಳಲ್ಲಿ ಒಂದು ಅಪಾಯ ಯಾವಾಗಲೂ ಇದ್ದೇ ಇರುತ್ತದೆ. ವಾಲ್ ಬಂದ್ ಮಾಡಿದ ಮೇಲೆ ಪೈಪಿನೊಳಗೆ ಒತ್ತಡ ಸಾಯುತ್ತದೆ. ಎಲ್ಲಿ ಸೀಳು ಬಿಟ್ಟಿದೆಯೋ ಅಲ್ಲಿಂದ ಪಕ್ಕದ ಗಟಾರದ ನೀರು ಒಳಗೆ ಸೇದಿಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಆ ಹೊಲಸೇ ಮೊದಲು ಬರುವುದು. ಅದಕ್ಕೇ ಮೊದಲ ಹತ್ತು ನಿಮಿಷದ ನೀರನ್ನು ಸಂಪಿಗೆ ಬಿಡದೆ ಅಂಗಳ ತೊಳೆಯಲು, ಗಿಡಕ್ಕೆ ಹಾಕಿ. ಸಂಪಿನ ಬಾಯಿಗೆ ಬರುವ ಪೈಪಿಗೆ ಒಂದು ಟೀ ಜಾಯಿಂಟ್ ಜೋಡಿಸಿ ಹೊರಗೆ ಬಿಡುವ ನಳ ಕೂರಿಸಿದರೆ ಈ ಕೆಲಸ ಸಲೀಸು. ಸಾವಿರ ಲೀಟರಿಗೆ 4ರಿಂದ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಹೊಸ ಬ್ಲೀಚಿಂಗ್ ಪುಡಿಯನ್ನು ಬಕೆಟ್ ನೀರಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಸಂಪಿಗೆ ಹಾಕಿ ಅರ್ಧ ಗಂಟೆ ಬಿಡಬೇಕು. ಮಳೆಗಾಲದಲ್ಲಿ ಕೆಂಪಗೆ ರಾಡಿ ಬಂದ ನೀರಿಗೆ ಇದು ಹಿಡಿಯುವುದಿಲ್ಲ; ಮೊದಲು ಪಟಕ ತಿರುವಿ ಮಣ್ಣು ಕೂರಿಸಿ, ಆಮೇಲೆ ಬ್ಲೀಚಿಂಗ್. ಡಬ್ಬಿ ತೆರೆದು ತಿಂಗಳುಗಟ್ಟಲೆ ಇಟ್ಟ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ. 2022ರ ಮೇ ಕೊನೆಯಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಜೀವಗಳೂ ಹೋದವು. ಅದನ್ನು ಮರೆತು ಇಲ್ಲಿ ಸಂಸಾರ ಹೂಡಬಾರದು.

ಕೊಳವೆಬಾವಿ ನೀರೇ ಗತಿಯಾದ ಹೊಸ ಬಡಾವಣೆಗಳ ಕಥೆ ಬೇರೆ. ಈ ಮೂರೂ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದರೆ ಕುಡಿಯಲೇಬಾರದು. ಕಾಯಿಸಿದರೆ ಹೋಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಫ್ಲೋರೈಡ್ ದಟ್ಟವಾಗುತ್ತದೆ. ಹಲ್ಲು ಹುಟ್ಟುವ ವಯಸ್ಸಿನ ಮಕ್ಕಳಿರುವ ಮನೆಯವರು ಮೊದಲ ವಾರದಲ್ಲೇ ಪರೀಕ್ಷೆ ಮಾಡಿಸಿ. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಿರಿ, ಗಾಜಿನದು ಬೇಡ, ಫ್ಲೋರೈಡ್ ಗಾಜಿನ ಜೊತೆ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಬೋರ್ ನೀರಿಗೆ ಆರ್‌ಒ ಬೇಕೇ ಬೇಕು. ಆದರೆ ನದಿ ನೀರು ಬರುವ ಮನೆಗೆ ಆರ್‌ಒ ಹಾಕಿಸಿಕೊಳ್ಳುವುದು ದುಡ್ಡೂ ದಂಡ, ನೀರೂ ದಂಡ. ಒಂದು ಲೀಟರ್ ಶುದ್ಧ ಮಾಡಲು ಅದು ಎರಡು ಮೂರು ಲೀಟರ್ ಮೋರಿಗೆ ಬಿಡುತ್ತದೆ. ತುಂಗಭದ್ರೆ ನೀರಿನ ತೊಂದರೆ ಉಪ್ಪಲ್ಲ, ಕ್ರಿಮಿ ಮತ್ತು ರಾಡಿ. ಅದಕ್ಕೆ ಯುವಿ, ಯುಎಫ್ ಇರುವ ಫಿಲ್ಟರ್ ಸಾಕು.

ಎರಡನೆಯದು ಧೂಳು. ಮನೆ ನೋಡಲು ಹೋದವರು ಮಾಳಿಗೆ ಹತ್ತುವುದೇ ಇಲ್ಲ. ಹತ್ತಬೇಕು. ಪೊರಕೆ ತಾಗದ ಮೂಲೆ ಒಂದಿರುತ್ತದೆ, ನೀರಿನ ಟ್ಯಾಂಕಿನ ಹಿಂದೆ. ಅಲ್ಲಿ ಬಿಳಿ ಬಟ್ಟೆಯಿಂದ ಒಂದು ಸಲ ಒರೆಸಿ ನೋಡಿ. ಕೆಂಪಗಿದ್ದರೆ ಅದಿರು ಲಾರಿಗಳ ಹಾದಿ ಹತ್ತಿರ ಇದೆ ಅಂತ. ಬೂದಿ ಬಣ್ಣವಿದ್ದು ಬೆರಳಿಗೆ ಟಾಲ್ಕಂ ಪೌಡರಿನಂತೆ ನುಣುಪಾಗಿ ಹತ್ತಿದರೆ ಕಲ್ಲಿದ್ದಲ ಹಾರುಬೂದಿ. ರಾಯಚೂರಿನ ಉತ್ತರಕ್ಕೆ ಶಕ್ತಿನಗರ, ಯರಮರಸ್. ಬಳ್ಳಾರಿಯ ಪಶ್ಚಿಮಕ್ಕೆ ಕುಡತಿನಿ. ಮೂರು ಕಡೆಯೂ ಉಷ್ಣ ವಿದ್ಯುತ್ ಸ್ಥಾವರಗಳಿವೆ. ಕಪ್ಪಗಿದ್ದು, ಬಟ್ಟೆಗೆ ಅಯಸ್ಕಾಂತ ತಾಗಿಸಿದಾಗ ಕಣಗಳು ಎದ್ದು ಅಂಟಿಕೊಂಡರೆ ಅದು ಅದಿರಿನಿಂದ ಸ್ಪಾಂಜ್ ಐರನ್ ಎಂಬ ಕಬ್ಬಿಣ ಮಾಡುವ ಕಾರ್ಖಾನೆಯದು. ಮಸಿ ಅಂದರೆ ಕೊಪ್ಪಳದ ಪಕ್ಕದ ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳದ ಜನಕ್ಕೆ ವಿವರಿಸಬೇಕಿಲ್ಲ.

ಗಾಳಿಯ ದಿಕ್ಕು ವರ್ಷಕ್ಕೆರಡು ಸಲ ತಿರುಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ, ಆಗ ಕಾರ್ಖಾನೆಯ ಮೂಡಣಕ್ಕಿರುವವರಿಗೆ ತೊಂದರೆ. ನವೆಂಬರ್ ಆದ ಮೇಲೆ ಮೂಡಣದಿಂದ ಬೀಸುತ್ತದೆ, ಚಳಿಗೆ ಹೊಗೆ ಮೇಲೇಳದೆ ನೆಲಕ್ಕೇ ಒತ್ತಿಕೊಂಡು ಹರಿಯುತ್ತದೆ. ಗಿಣಿಗೇರಾ ಕೊಪ್ಪಳದ ಮೂಡಣಕ್ಕಿದೆ. ಆದ್ದರಿಂದ ಕೊಪ್ಪಳದಲ್ಲಿ ಜುಲೈ ತಿಂಗಳಲ್ಲಿ ಮನೆ ನೋಡಿ ಗಾಳಿ ಎಷ್ಟು ಚೆನ್ನ ಎಂದುಕೊಂಡವರಿಗೆ ಡಿಸೆಂಬರಿನ ಬೆಳಗು ಬೇರೆಯೇ ಅನಿಸುತ್ತದೆ. ಉಬ್ಬಸವಿರುವ ಮಗು, ವಯಸ್ಸಾದ ತಂದೆತಾಯಿ ಇದ್ದರೆ ಹೊಸಪೇಟೆ ರಸ್ತೆಯ ಕಡೆಯ ಬಡಾವಣೆಗಿಂತ ಊರಿನ ಪಡುವಣ ಬದಿಯೇ ವಾಸಿ. ಇನ್ನೂ ದೊಡ್ಡ ಉಕ್ಕಿನ ಕಾರ್ಖಾನೆ ಊರ ಹತ್ತಿರ ಬರುವುದು ಬೇಡವೆಂದು 2025ರ ಫೆಬ್ರುವರಿಯಲ್ಲಿ ಕೊಪ್ಪಳದ ಅಂಗಡಿ ಮುಂಗಟ್ಟೆಲ್ಲ ಮುಚ್ಚಿ ಜನ ಬೀದಿಗಿಳಿದರು, ಗವಿಮಠದ ಸ್ವಾಮೀಜಿ ಮುಂದೆ ನಿಂತರು. ಅವರು ಕೇಳಿದ್ದು ಉಸಿರಾಡುವ ಗಾಳಿಯನ್ನು. ಅದು ನ್ಯಾಯವಾದ ಬೇಡಿಕೆ ಎಂದೇ ನನ್ನ ನಿಲುವು. ನೌಕರಿ ಕೊಡುವ ಕಾರ್ಖಾನೆಗೂ ಮಸಿ ಹಿಡಿಯುವ ಯಂತ್ರವನ್ನು ಹಗಲೂ ರಾತ್ರಿಯೂ ಓಡಿಸುವ ಜವಾಬ್ದಾರಿ ಇದ್ದೇ ಇದೆ.

ಬಿಸಿಲಿಗೆ ಬರೋಣ. ಇಲ್ಲಿ ಬಿಸಿಲನ್ನು ಗೆಲ್ಲುವುದು ಮನೆ ಆರಿಸುವುದರಲ್ಲೇ. ಮೇಲಿನ ಅಂತಸ್ತಿನ ಮನೆ ಬಾಡಿಗೆ ಕಡಿಮೆ ಎಂದು ಹಿಡಿಯಬೇಡಿ. ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ಕಾದು ರಾತ್ರಿ ಹನ್ನೊಂದರವರೆಗೂ ಆ ಕಾವನ್ನು ಕೆಳಗೆ ಬಿಡುತ್ತಿರುತ್ತದೆ. ಹೊರಗೆ ತಂಪಾದರೂ ಒಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಪಡುವಣ ಗೋಡೆಗೆ ಮಲಗುವ ಕೋಣೆ ಇರುವ ಮನೆಯದೂ ಅದೇ ಪಾಡು. ಕೊಪ್ಪಳ, ರಾಯಚೂರಿನ ಹಳೆ ಓಣಿಗಳಲ್ಲಿ ಇನ್ನೂ ಮಣ್ಣಿನ ಮಾಳಿಗೆ ಮನೆಗಳಿವೆ. ಮರದ ತೊಲೆ, ಜಂತಿ, ಅದರ ಮೇಲೆ ಸವಳು ಮಣ್ಣು, ದಪ್ಪ ಕಲ್ಲುಗೋಡೆ, ಕೆಳಗೆ ಫರಸಿ. ಮೇ ತಿಂಗಳ ಮಧ್ಯಾಹ್ನ ಅಂಥ ಮನೆಯ ಪಡಸಾಲೆಯಲ್ಲಿ ಕೂತವರಿಗೆ ಎಸಿ ನೆನಪಾಗುವುದಿಲ್ಲ. ಆದರೆ ಪ್ರತಿ ವರ್ಷ ಮಳೆಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಸದಿದ್ದರೆ ಸೋರುತ್ತದೆ. ಮಾಲೀಕರು ಮಣ್ಣು ಹಾಕಿಸುತ್ತಾರೋ ಎಂದು ಕೇಳಿಯೇ ಒಪ್ಪಿಕೊಳ್ಳಿ. ಸ್ಲ್ಯಾಬಿನ ಮನೆಯೇ ಆದರೆ ಫೆಬ್ರುವರಿ ಕೊನೆಯೊಳಗೆ ಮಾಳಿಗೆಗೆ ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಯಿರಿ. ಅಂಟು ಇಲ್ಲದ ಸುಣ್ಣ ನಡೆದಾಡಿದರೆ ಎದ್ದು ಬರುತ್ತದೆ, ಮೊದಲ ಮಳೆಗೆ ತೊಳೆದು ಹೋಗುತ್ತದೆ.

ಕೂಲರ್ ವಿಚಾರದಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ಕೋಣೆಯೊಳಗೆ ಇಟ್ಟು, ಕಿಟಕಿ ಬಾಗಿಲೆಲ್ಲ ಮುಚ್ಚಿ, ಅರ್ಧ ಗಂಟೆಗೆ ಮೈಯೆಲ್ಲ ಜಿಗುಟಾಗಿ, ಈ ಕೂಲರೇ ಸರಿಯಿಲ್ಲ ಎನ್ನುವುದು. ಕೂಲರ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಒಣ ಗಾಳಿ ಒಳಗೆ ಬರಬೇಕು, ತೇವ ಗಾಳಿ ಹೊರಗೆ ಹೋಗಬೇಕು. ಆದ್ದರಿಂದ ಅದರ ಬೆನ್ನು ಕಿಟಕಿಯ ಹೊರಗಿರಬೇಕು, ಎದುರು ಗೋಡೆಯ ಕಿಟಕಿ ಒಂದು ಗೇಣು ತೆರೆದಿರಬೇಕು. ಇಲ್ಲಿನ ಏಪ್ರಿಲ್ ಗಾಳಿ ಒಣಗಿದ್ದಷ್ಟೂ ಕೂಲರಿಗೆ ಒಳ್ಳೆಯದು, ಬಳ್ಳಾರಿ ರಾಯಚೂರಿನಲ್ಲಿ ಅದು ಕರಾವಳಿಯಲ್ಲಿ ಎಂದೂ ಮಾಡದ ಕೆಲಸ ಮಾಡುತ್ತದೆ. ಜೂನ್ ಮೋಡ ಕಟ್ಟಿದ ದಿನದಿಂದ ಅದರ ಆಟ ಮುಗಿಯಿತು, ಬರೀ ಫ್ಯಾನ್ ಆಗಿ ಓಡಿಸಿ. ಬೋರ್ ನೀರು ಹಾಕಿದರೆ ಹುಲ್ಲಿನ ಪ್ಯಾಡು ಎರಡು ವಾರದಲ್ಲಿ ಬಿಳಿ ಉಪ್ಪು ಕಟ್ಟಿ ಹಲಗೆಯಾಗುತ್ತದೆ, ಗಾಳಿ ದಾಟುವುದಿಲ್ಲ. ಮೂರು ದಿನಕ್ಕೊಮ್ಮೆ ತೊಟ್ಟಿಯ ನೀರು ಪೂರ್ತಿ ಚೆಲ್ಲಿ ಹೊಸದು ತುಂಬಿದರೆ ಉಪ್ಪೂ ಕಟ್ಟುವುದಿಲ್ಲ, ಡೆಂಗಿ ಸೊಳ್ಳೆಯೂ ಹುಟ್ಟುವುದಿಲ್ಲ. ದೊಡ್ಡ ಕೂಲರು ಗಂಟೆಗೆ 5ರಿಂದ 10 ಲೀಟರ್ ಕುಡಿಯುತ್ತದೆ, ಒಂದು ರಾತ್ರಿಗೆ 40ರಿಂದ 80 ಲೀಟರ್. ಮೇಲೆ ಹಾಕಿದ ಸಂಪಿನ ಲೆಕ್ಕಕ್ಕೆ ಇದನ್ನೂ ಸೇರಿಸಿಕೊಳ್ಳಿ.

ಎಸಿ ಹಾಕುವವರು ಕರೆಂಟಿನ ಬಿಲ್ಲನ್ನು ನೆನಪಿಡಲಿ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಇನ್ನೊಂದು, ಬೇರೆ ಊರಿಂದ ಬಂದವರು ಹಳೆ ಮನೆಯ ಆರ್‌ಆರ್ ನಂಬರಿನಿಂದ ಆಧಾರ್ ಜೋಡಣೆ ಬಿಡಿಸದೆ ಹೊಸ ಮನೆಗೆ ಅರ್ಜಿ ಹಾಕಿದರೆ ಅದು ಕೂರುವುದಿಲ್ಲ. ಮನೆ ಖಾಲಿ ಮಾಡುವ ಮೊದಲೇ ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸಿ ಬನ್ನಿ. ಕಚೇರಿ ಕೆಲಸವಿದ್ದರೂ ಒಂದು ಮಾತು: ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಿ ಸರ್ಕಾರ ಆದೇಶ ಹೊರಡಿಸುತ್ತದೆ. ಊಟ ಮಾಡಿಕೊಂಡು ಮೂರು ಗಂಟೆಗೆ ತಹಶೀಲ್ದಾರ್ ಕಚೇರಿಗೆ ಹೋದವರಿಗೆ ಕಾಣುವುದು ಬೀಗ.

ಈಗ ಮೂರನೆಯದು, ಊರು ಯಾವ ಕಡೆ ವಾಲುತ್ತದೆ ಅನ್ನುವುದು. ಮೂರೂ ಊರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಬಳ್ಳಾರಿಯದು 1961ರದು, ಎಲ್ಲರೂ ಇನ್ನೂ ವಿಮ್ಸ್ ಎಂದೇ ಕರೆಯುತ್ತಾರೆ. ರಾಯಚೂರಿನ ರಿಮ್ಸ್ 2007ರದು, ಕೊಪ್ಪಳದ್ದು 2015ರದು. ವಯಸ್ಸಿನ ಈ ಅಂತರ ವಾರ್ಡಿನಲ್ಲೂ ಕಾಣುತ್ತದೆ. ಅಪಘಾತ, ಸುಟ್ಟ ಗಾಯಕ್ಕೆ ಸುತ್ತಲಿನ ಜಿಲ್ಲೆಗಳಿಂದಲೂ ಗಡಿಯಾಚೆಯ ಆಂಧ್ರದಿಂದಲೂ ಜನ ಬಳ್ಳಾರಿಗೆ ಬರುತ್ತಾರೆ. ಅದರಾಚೆಗೆ ದಾಟಿದ ರೋಗವಾದರೆ ಬಳ್ಳಾರಿಯವರು ಬೆಂಗಳೂರಿಗೆ, ಕೊಪ್ಪಳದವರು ಹುಬ್ಬಳ್ಳಿಗೆ, ರಾಯಚೂರಿನವರು ಹೈದರಾಬಾದಿಗೆ. ಕೊಪ್ಪಳದಿಂದ ಹುಬ್ಬಳ್ಳಿ ಸುಮಾರು 120 ಕಿಲೋಮೀಟರ್, ರಾಯಚೂರಿನಿಂದ ಹೈದರಾಬಾದ್ ಸುಮಾರು 200, ಬಳ್ಳಾರಿಯಿಂದ ಬೆಂಗಳೂರು 300ರ ಮೇಲೆ. ಡಯಾಲಿಸಿಸ್, ಕಿಮೋ, ಹೃದಯದ ತಪಾಸಣೆಗೆಂದು ಮತ್ತೆ ಮತ್ತೆ ಹೋಗಬೇಕಾದವರು ಮನೆಯಲ್ಲಿದ್ದರೆ ಈ ಅಂಕಿಯೇ ಊರನ್ನು ತೀರ್ಮಾನಿಸಬೇಕು. ರಾಯಚೂರಿನವರಿಗೆ ಇನ್ನೊಂದು ತೊಡಕು: ಗಡಿ ದಾಟಿದ ಆಸ್ಪತ್ರೆಯಲ್ಲಿ ನಮ್ಮ ರಾಜ್ಯದ ಆರೋಗ್ಯ ಕಾರ್ಡು ನಡೆಯುತ್ತದೆಂದು ನಂಬಿ ಹೊರಡಬಾರದು, ಫೋನ್ ಮಾಡಿ ಕೇಳಿಕೊಂಡೇ ಹೊರಡಬೇಕು. ರಾಯಚೂರಿಗೆ ಏಮ್ಸ್ ಬೇಕೆಂದು ಜನ ವರ್ಷಗಟ್ಟಲೆ ಧರಣಿ ಕೂತದ್ದು ಸುಮ್ಮನೆ ಅಲ್ಲ.

ರೈಲಿನಲ್ಲಿ ರಾಯಚೂರೇ ಭಾಗ್ಯವಂತ ಊರು. ಮುಂಬೈ–ಚೆನ್ನೈ ಮುಖ್ಯ ಮಾರ್ಗದಲ್ಲಿದೆ, ಬೆಂಗಳೂರು, ಮುಂಬೈ, ದೆಹಲಿ ಮೂರಕ್ಕೂ ನೇರ ಗಾಡಿ. ಆದರೆ ದೂರದಿಂದ ಬರುವ ಗಾಡಿ ತಡವಾಗಿ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನಲ್ಲಿ ಪರೀಕ್ಷೆಯಿದ್ದರೆ ದೆಹಲಿ ಕಡೆಯಿಂದ ಬರುವ ಗಾಡಿಯನ್ನು ನೆಚ್ಚಬೇಡಿ. ಕೊಪ್ಪಳ, ಬಳ್ಳಾರಿಗೆ ಹುಬ್ಬಳ್ಳಿ–ಮೈಸೂರು ಹಂಪಿ ಎಕ್ಸ್‌ಪ್ರೆಸ್ ಇದೆ. ಹುಬ್ಬಳ್ಳಿಯಲ್ಲೇ ಹೊರಡುವುದರಿಂದ ದೂರದ ಗಾಡಿಯಷ್ಟು ಕಾಯಿಸುವುದಿಲ್ಲ. ಹಬ್ಬದ ವಾರ ಟಿಕೆಟ್ ಸಿಗುವುದು ಮಾತ್ರ ದುರ್ಲಭ. ಈ ಮೂರು ಊರುಗಳ ನಡುವೆಯೇ ಓಡಾಡುವುದು ಎಲ್ಲಕ್ಕಿಂತ ತ್ರಾಸು. ಬಳ್ಳಾರಿಯಿಂದ ರಾಯಚೂರಿಗೆ ರೈಲಲ್ಲಿ ಹೋಗಬೇಕೆಂದರೆ ಗುಂತಕಲ್ ಸುತ್ತಬೇಕು. ಬಸ್ಸಾದರೆ ಸಿರುಗುಪ್ಪ, ಸಿಂಧನೂರು, ಮಾನ್ವಿ ಹಾದಿ. ಗಿಣಿಗೇರಾದಿಂದ ಮೆಹಬೂಬನಗರಕ್ಕೆ ಹಾಕುತ್ತಿರುವ ಹೊಸ ಹಳಿಯಲ್ಲಿ ಗಾಡಿ 2019ರಲ್ಲಿ ಗಂಗಾವತಿಗೆ, 2020ರಲ್ಲಿ ಕಾರಟಗಿಗೆ, 2024ರಲ್ಲಿ ಸಿಂಧನೂರಿಗೆ ಬಂತು. ಅದು ರಾಯಚೂರು ಮುಟ್ಟಿದ ದಿನ ಕೃಷ್ಣೆ, ತುಂಗಭದ್ರೆ ನಡುವಿನ ಈ ದೋಆಬಿನ ನಕ್ಷೆಯೇ ಬದಲಾಗುತ್ತದೆ. ಬಳ್ಳಾರಿ–ಹೊಸಪೇಟೆ ಹೆದ್ದಾರಿಯಲ್ಲಿ ಬೈಕಿನ ಮೇಲೆ ನೌಕರಿಗೆ ಹೋಗುವವರಿಗೆ ಒಂದು ಮಾತು: ತೋರಣಗಲ್ಲಿನಲ್ಲಿ ಪಾಳಿ ಬಿಡುವ ಹೊತ್ತು ಅದಿರಿನ ಲಾರಿ, ಕಂಪನಿ ಬಸ್ಸು, ಬೈಕು ಎಲ್ಲ ಒಟ್ಟಿಗೆ ನುಗ್ಗುತ್ತವೆ. ಅರ್ಧ ಗಂಟೆ ಹಿಂದೆ ಮುಂದೆ ಹೊರಡಿ.

ಬಾಡಿಗೆಯಲ್ಲ, ಸೈಟೇ ಕೊಳ್ಳುತ್ತೇವೆ ಎನ್ನುವವರು ನೆಲ ನೋಡಬೇಕು. ಬಳ್ಳಾರಿಯ ಗುಡ್ಡದ ಸುತ್ತ ಕಲ್ಲು, ಕೆಂಪು ಮಸಾರಿ. ಊರಾಚೆ ಹೋದಂತೆ, ರಾಯಚೂರಿನ ಹಲವು ಬಡಾವಣೆಗಳಲ್ಲೂ, ಕರಿ ಎರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ನಾಲ್ಕಡಿ ಪಾಯ ಹಾಕಿದ ಮನೆಯ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಆ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಂಡರೆ ದೋಷ ನೆಲದ್ದು. ಗೋಡೆಗೂ ಸ್ಲ್ಯಾಬಿಗೂ ಕೂಡುವ ಕಡೆ ಅಡ್ಡಗೆರೆಯಂತೆ ಬಿಟ್ಟಿದ್ದರೆ ಅದು ಬಿಸಿಲಿನ ಕೆಲಸ, ಅಷ್ಟು ಅಂಜಬೇಕಿಲ್ಲ. ಸೈಟು ಕೊಳ್ಳುವ ಮೊದಲು ಮೂಲೆಯಲ್ಲಿ ಒಂದು ಗುಂಡಿ ತೋಡಿಸಿ, ಮರಂ, ಅಂದರೆ ಗರಸು ಮಣ್ಣು, ಎಷ್ಟು ಆಳಕ್ಕೆ ಸಿಗುತ್ತದೆ ನೋಡಿ. ಉಬ್ಬಿ ಕುಗ್ಗುವ ಪದರು ಮೂರೂವರೆ ಮೀಟರ್‌ವರೆಗೂ ಇರಬಹುದು. ಪಾಯ ಅದನ್ನು ದಾಟಿ ಗಟ್ಟಿ ನೆಲಕ್ಕೆ ಕೂರಬೇಕು, ಇಲ್ಲವೇ ಬುಡ ಅಗಲಿಸಿದ ಪೈಲುಗಳ ಮೇಲೆ ಪ್ಲಿಂತ್ ಬೀಮು ಬರಬೇಕು. ತೋಡಿದ ಎರೆಮಣ್ಣನ್ನೇ ಮತ್ತೆ ಪಾಯದ ಪಕ್ಕ ತುಂಬುವುದು ಮೇಸ್ತ್ರಿಗಳ ಮಾಮೂಲಿ ಉಳಿತಾಯ. ಅದಕ್ಕೆ ಒಪ್ಪಬೇಡಿ, ಮರಂ ತರಿಸಿ. ಮನೆ ಸುತ್ತ ಮೂರಡಿ ಅಗಲ ಕಾಂಕ್ರೀಟ್ ಹಾಸಿ ನೀರು ಬುಡಕ್ಕೆ ಇಳಿಯದಂತೆ ಮಾಡಿ, ಬಚ್ಚಲ ನೀರನ್ನು ದೂರ ಒಯ್ಯಿರಿ.

ಕಾಗದಪತ್ರದಲ್ಲೂ ಇತಿಹಾಸ ಕೂತಿದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನಲ್ಲಿತ್ತು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಹಳೆ ಹೊಲ ಲೇಔಟ್ ಆದ ಕಡೆ ಮೂಲದಾಖಲೆ ಉರ್ದುವಿನಲ್ಲಿ ಸಿಗುತ್ತದೆ. ಓದಿಸಿ, ಅನುವಾದ ಮಾಡಿಸಿಕೊಂಡೇ ಮುಂದುವರಿಯಿರಿ. ಜೊತೆಗೆ ಭೂಪರಿವರ್ತನೆ ಆದೇಶ ಮತ್ತು ಇ-ಆಸ್ತಿ ಖಾತೆ. ಸಂವಿಧಾನದ 371(ಜೆ) ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉದ್ಯೋಗ, ಶಿಕ್ಷಣದಲ್ಲಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಟ್ಟ ಈ ವಿಧಿ ಇಲ್ಲಿನ ಮಕ್ಕಳ ಪಾಲಿಗೆ ದೊಡ್ಡ ಬಾಗಿಲು. ಆದರೆ ಇಲ್ಲಿ ಬಾಡಿಗೆ ಮನೆ ಹಿಡಿದ ಮಾತ್ರಕ್ಕೆ ಅದು ಸಿಗುವುದಿಲ್ಲ. ಹುಟ್ಟು, ದೀರ್ಘ ವಾಸದ ನಿಯಮಗಳಿವೆ, ಅರ್ಹತಾ ಪತ್ರ ಕೊಡುವುದು ಉಪವಿಭಾಗಾಧಿಕಾರಿ. ಎರಡು ವರ್ಷ ಇದ್ದರೆ ಮಗನಿಗೆ ಸೀಟು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಷ್ಟೆಲ್ಲ ತೊಂದರೆ ಹೇಳಿದ ಮೇಲೂ ಈ ಊರುಗಳಿಗೆ ಬಂದ ಬಹಳ ಜನ ಇಲ್ಲೇ ನಿಲ್ಲುತ್ತಾರೆ. ಕಾರಣ ಅನ್ನ, ಮಾತು, ಹೊತ್ತು. ಸೋನಾಮಸೂರಿಯ ತವರಿನಲ್ಲಿ ಕೂತು ಅಂಗಡಿ ಅಕ್ಕಿ ಕೊಳ್ಳುವ ಅಗತ್ಯವಿಲ್ಲ, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಮಿಲ್ಲಿನಿಂದಲೇ ಚೀಲ ತರಿಸಬಹುದು. ಚೀಲ 26 ಕೆಜಿಯದು. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕಿಗೆ ಜಿಎಸ್‌ಟಿ ಬಂದ ಮೇಲೆ ಮಿಲ್ಲುಗಳು ಒಂದು ಕೆಜಿ ಹೆಚ್ಚಿಸಿ ಅದರಿಂದ ಪಾರಾದವು. ಜನವರಿಯಲ್ಲಿ ಅಗ್ಗಕ್ಕೆ ಸಿಗುವುದು ಹೊಸ ಅಕ್ಕಿ, ಲೋಟಕ್ಕೆ ಎರಡು ಲೋಟ ನೀರಿಟ್ಟರೇ ಮುದ್ದೆಯಾಗುತ್ತದೆ. ವರ್ಷ ಕಳೆದ ಅಕ್ಕಿಗೆ ಎರಡೂವರೆ ಬೇಕು, ಅನ್ನ ಉದುರುದುರು. ಹೊಸದನ್ನು ಕೊಂಡು ಒಣ ಬೇವಿನ ಸೊಪ್ಪು ಹಾಕಿ ಕಟ್ಟಿಟ್ಟು ಆರು ತಿಂಗಳ ನಂತರ ತೆರೆಯುವುದು ಇಲ್ಲಿನ ಮನೆಗಳ ಪದ್ಧತಿ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬೆಳಗಿನ ತಿಂಡಿಗೆ ಬಳ್ಳಾರಿಯಲ್ಲಿ ಮಂಡಕ್ಕಿಯ ಉಗ್ಗಾಣಿ, ಬಜ್ಜಿ, ಕೊಪ್ಪಳದ ಕಡೆ ಅದೇ ಮಂಡಾಳ ಒಗ್ಗರಣಿ, ಮಿರ್ಚಿ. ಭಾಷೆಯ ಅಡ್ಡಿ ಇಲ್ಲ. ಬಳ್ಳಾರಿಯ ಪೇಟೆ ತೆಲುಗನ್ನೂ, ರಾಯಚೂರಿನ ಪೇಟೆ ಉರ್ದು ತೆಲುಗು ಎರಡನ್ನೂ ಕನ್ನಡದ ಜೊತೆಗೇ ಆಡುತ್ತದೆ; ಕೊಪ್ಪಳದಲ್ಲಿ ಕನ್ನಡವೇ ಹೆಚ್ಚು. ಊರಿನ ಈ ತುದಿಯಿಂದ ಆ ತುದಿಗೆ ಅರ್ಧ ಗಂಟೆ ಸಾಕು. ಮಧ್ಯಾಹ್ನ ಮನೆಗೆ ಬಂದು ಉಂಡು ಮತ್ತೆ ಕಚೇರಿಗೆ ಹೋಗುವುದು ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೂ ಸಿಗದ ಸುಖ.

ಬರೀ ನೋಡಲು ಬರುವವರು ನವೆಂಬರ್‌ನಿಂದ ಫೆಬ್ರುವರಿ ನಡುವೆ ಬನ್ನಿ. ಹಂಪಿ ನೋಡಿ ಹಾಗೇ ಹಿಂದಿರುಗುವುದು ಎಲ್ಲರೂ ಮಾಡುವ ತಪ್ಪು. ಬಳ್ಳಾರಿ ಕೋಟೆ ಒಂದೇ ಬಂಡೆಯ ಗುಡ್ಡ. ಬೆಳಿಗ್ಗೆ ಎಂಟು ಗಂಟೆಯೊಳಗೆ ಹತ್ತಿ ಇಳಿಯಿರಿ, ಬಂಡೆ ಕಾದ ಮೇಲೆ ಅಂಗಾಲು ನಿಲ್ಲುವುದಿಲ್ಲ. ರಾಯಚೂರಿನ ಬಸ್ ನಿಲ್ದಾಣದ ಹತ್ತಿರದ ಕೋಟೆಗೋಡೆಯಲ್ಲಿ 1294ರ ತೆಲುಗು ಶಾಸನದ ಭಾರೀ ಕಲ್ಲಿದೆ. ಆ ಕಲ್ಲನ್ನು ಗಾಡಿಯ ಮೇಲೆ ಹೇರಿ ಕೋಣಗಳಿಂದ ಎಳೆಸಿ ತಂದ ಚಿತ್ರವನ್ನೂ ಅಲ್ಲೇ ಗೀರಿದ್ದಾರೆ. ದಿನಾ ಅದರ ಮುಂದೆಯೇ ಬಸ್ ಹತ್ತುವವರಿಗೂ ಅದು ಗೊತ್ತಿರುವುದಿಲ್ಲ. ಬೆಳಗಿನ ವಾರೆ ಬಿಸಿಲಲ್ಲಿ ಗೆರೆಗಳು ಎದ್ದು ಕಾಣುತ್ತವೆ. ಕೊಪ್ಪಳ ಜಿಲ್ಲೆಯಲ್ಲಿ 1112ರ ಇಟಗಿ ಮಹಾದೇವ ದೇವಾಲಯವನ್ನೂ ಕುಕನೂರಿನ ನವಲಿಂಗವನ್ನೂ ಒಂದೇ ಹೊತ್ತಿನಲ್ಲಿ ನೋಡಬಹುದು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿಗೆ ಮಾತ್ರ ಪೂರ್ತಿ ಬೆಳಗು ಇಡಿ. ಗುಡ್ಡದ ಮೇಲೆ ಬಂಡೆಗಳ ನಡುವೆ ನಡೆದೇ ಹೋಗಬೇಕು, ಮೇಲೆ ನೀರು ಸಿಗುವುದಿಲ್ಲ, ತಲೆಗೆ ಎರಡು ಲೀಟರ್ ಒಯ್ಯಿರಿ, ಊರಿನವರೊಬ್ಬರನ್ನು ದಾರಿಗೆ ಕರೆದುಕೊಳ್ಳಿ. ಅಂಜನಾದ್ರಿಯ 575 ಮೆಟ್ಟಿಲಿಗೆ ಶನಿವಾರ ಬಿಟ್ಟು ಬೇರೆ ದಿನ ಹೋದರೆ ನೂಕುನುಗ್ಗಲು ಕಡಿಮೆ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಬರುವವರು ಕ್ಯಾಲೆಂಡರ್ ನೋಡಿಕೊಳ್ಳಿ. ತೇರು ಪುಷ್ಯ ಬಹುಳ ಬಿದಿಗೆಯಂದು, ಹಾಗಾಗಿ ಇಂಗ್ಲಿಷ್ ತಾರೀಖು ವರ್ಷ ವರ್ಷ ಸರಿಯುತ್ತದೆ: 2024ರಲ್ಲಿ ಜನವರಿ 27, 2025ರಲ್ಲಿ ಜನವರಿ 15. ಆ ವಾರ ಕೊಪ್ಪಳದಲ್ಲಿ ಲಾಡ್ಜ್ ಸಿಗುವುದಿಲ್ಲ, ಹೊಸಪೇಟೆಯಲ್ಲೋ ಗದಗಿನಲ್ಲೋ ಉಳಿದು ರೈಲಿನಲ್ಲಿ ಬನ್ನಿ, ಗಾಡಿ ತರಬೇಡಿ. ಊಟದ ಚಿಂತೆ ಬೇಡ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ವಾರಗಟ್ಟಲೆ ಬಡಿದ ಜೋಳದ ರೊಟ್ಟಿ ಟ್ರ್ಯಾಕ್ಟರ್ ತುಂಬ ಮಠಕ್ಕೆ ಬಂದು ಬೀಳುತ್ತದೆ. ದಾಸೋಹದ ಸಾಲಿನಲ್ಲಿ ಬೆಳಿಗ್ಗೆ ಹತ್ತರೊಳಗೆ ನಿಂತರೆ ಬಿಸಿಲೇರುವ ಮೊದಲೇ ಎಲೆ ಮುಂದೆ ಕೂತಿರುತ್ತೀರಿ.